ರೋಗಿಯ ಮನೆಬಾಗಿಲಿಗೆ ಬಂದ ದೀಪ: ಫ್ಲಾರೆನ್ಸ್ ನೈಟಿಂಗೇಲರ ಜೀವನ

ಕೈಯಲ್ಲಿ ದೀಪ ಹಿಡಿದು, ನಡುರಾತ್ರಿಯ ಕತ್ತಲಲ್ಲಿ ಗಾಯಾಳುಗಳ ಹಾಸಿಗೆಗಳ ಸಾಲಿನ ನಡುವೆ ನಡೆದುಹೋಗುವ ಮಹಿಳೆಯ ಚಿತ್ರವನ್ನು ಶಾಲಾಪುಸ್ತಕಗಳಲ್ಲಿ ಕಾಣದವರು ನಮ್ಮಲ್ಲಿ ವಿರಳ. ನಮ್ಮ ಹೆಣ್ಣುಮಕ್ಕಳು ಶುಶ್ರೂಷಾ ಶಾಲೆಗೆ ಸೇರಿದಾಗ ಹೊತ್ತಿಸಿದ ದೀಪವನ್ನು ಹಿಡಿದು ಪ್ರತಿಜ್ಞೆ ಸ್ವೀಕರಿಸುವುದೂ ಆ ಮಹಿಳೆಯ ಸ್ಮರಣೆಯಲ್ಲಿಯೇ. ಆಕೆಯೇ ಫ್ಲಾರೆನ್ಸ್ ನೈಟಿಂಗೇಲ್. ಆದರೆ ಆ ದೀಪದ ಕಥೆ ಆಕೆಯ ತೊಂಬತ್ತು ವರ್ಷಗಳ ಬಾಳಿನಲ್ಲಿ ಎರಡು ವರ್ಷಕ್ಕೂ ಕಡಿಮೆ ಅವಧಿಯದು. ಉಳಿದ ಬಾಳಿನಲ್ಲಿ ಆಕೆಯನ್ನು ಬಿಡದೆ ಕಾಡಿದ ಚಿಂತೆಗಳಲ್ಲಿ ಒಂದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಆಸ್ಪತ್ರೆಯ ಬಾಗಿಲನ್ನು ತಲಪಲಾರದೆ ತನ್ನ ಮನೆಯ ಮೂಲೆಯಲ್ಲೇ ನರಳುತ್ತಿರುವ ಬಡ ರೋಗಿಗೆ ನುರಿತ ದಾದಿಯ ಆರೈಕೆ ದೊರಕುವುದು ಹೇಗೆ ಎಂಬುದೇ ಆ ಚಿಂತೆ. ಹಳ್ಳಿಗಳಲ್ಲಿ ವಾಸಿಸುವ ನಮಗೆ ಆಕೆಯ ಬಾಳಿನ ಈ ಭಾಗವೇ ಹೆಚ್ಚು ಹತ್ತಿರದ್ದು.

ಬಾಲ್ಯ ಮತ್ತು ಕರೆ

ನೈಟಿಂಗೇಲರು 1820ರ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಪ್ರವಾಸದಲ್ಲಿದ್ದ ಆಂಗ್ಲ ದಂಪತಿಗಳು ಮಗುವಿಗೆ ಹುಟ್ಟಿದ ಊರಿನ ಹೆಸರನ್ನೇ ಇಟ್ಟರು. ತಂದೆ ವಿಲಿಯಂ ನೈಟಿಂಗೇಲರು ಸಿರಿವಂತ ಜಮೀನ್ದಾರರು. ಗಂಡುಮಕ್ಕಳಿಲ್ಲದ ಅವರು ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ತಾವೇ ಲ್ಯಾಟಿನ್, ಗ್ರೀಕ್, ಚರಿತ್ರೆ, ತತ್ವಶಾಸ್ತ್ರಗಳನ್ನು ಬೋಧಿಸಿದರು. ಫ್ಲಾರೆನ್ಸಳಿಗೆ ಗಣಿತದಲ್ಲಿ ವಿಶೇಷ ಒಲವು.

ಹದಿನಾರನೆಯ ವಯಸ್ಸಿನಲ್ಲಿ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದರೆಂಬ ದೃಢವಾದ ಅರಿವು ಆಕೆಗೆ ಉಂಟಾಯಿತು. ಆ ಸೇವೆ ಯಾವುದೆಂಬುದು ತಿಳಿಯಲು ಹಲವು ವರ್ಷಗಳೇ ಬೇಕಾದವು. 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಯನ್ನು ಕಲಿಯಲು ಹೋಗುತ್ತೇನೆಂದು ಆಕೆ ಹೇಳಿದಾಗ ಮನೆಯವರು ಕಂಗಾಲಾದರು. ಇದರಲ್ಲಿ ಅವರ ತಪ್ಪನ್ನೇ ಹುಡುಕಬೇಕಾಗಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ಕೆಲಸಕ್ಕೆ ತರಬೇತಿಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಕುಡಿತಕ್ಕೂ ಕೆಟ್ಟ ನಡತೆಗೂ ಆ ಕೆಲಸದವರ ಹೆಸರು ಅಂಟಿಕೊಂಡಿತ್ತು. ಕುಲೀನ ಮನೆತನದ ಕನ್ಯೆಯೊಬ್ಬಳು ಅಲ್ಲಿಗೆ ಹೋಗುವುದೆಂದರೆ ಮನೆತನದ ಮಾನವನ್ನೇ ಕಳೆದಂತೆ ಎಂದು ಹೆತ್ತವರು ಬಗೆದರು. ಬಂದ ವಿವಾಹ ಸಂಬಂಧಗಳನ್ನು ಆಕೆ ನಿರಾಕರಿಸಿದರು; ಅನುಮತಿಗಾಗಿ ವರ್ಷಗಟ್ಟಲೆ ಕಾದರು.

ಕನ್ಯಾಸ್ತ್ರೀಯರ ಬಳಿ ಕಲಿತ ಪಾಠ

ನೈಟಿಂಗೇಲರು ಆಂಗ್ಲಿಕನ್ ಸಭೆಗೆ ಸೇರಿದವರು. ಕಡೆಯವರೆಗೂ ಹಾಗೆಯೇ ಉಳಿದರು. ಆದರೆ ಆಕೆಯ ಬಾಳಿನ ದಿಕ್ಕನ್ನು ನಿರ್ಧರಿಸಿದ ಘಟ್ಟಗಳಲ್ಲಿ ಕಥೋಲಿಕ ಕನ್ಯಾಸ್ತ್ರೀಯರ ಪಾತ್ರ ಹಿರಿದು. 1847-48ರ ಚಳಿಗಾಲವನ್ನು ರೋಮಾಪುರಿಯಲ್ಲಿ ಕಳೆದ ಆಕೆ, ಅಲ್ಲಿನ ತ್ರಿನಿತಾ ದೇಯ್ ಮೊಂತಿ ಕನ್ಯಾಮಠದಲ್ಲಿ ಹತ್ತು ದಿನಗಳ ಧ್ಯಾನಕೂಟವನ್ನು ಕೈಗೊಂಡರು. ಅದೇ ಪ್ರವಾಸದಲ್ಲಿ ಪರಿಚಿತರಾದ ಸಿಡ್ನಿ ಹರ್ಬರ್ಟರು ಮುಂದೆ ಆಕೆಯ ಆಪ್ತ ಸಹಕಾರಿಯಾದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಪ್ರೊಟೆಸ್ಟೆಂಟ್ ಬೋಧಕ ಫ್ಲೀಡ್ನರರು ನಡೆಸುತ್ತಿದ್ದ ಸೇವಾಶ್ರಮದಲ್ಲಿ ಮೂರು ತಿಂಗಳು ಅಭ್ಯಾಸ ನಡೆಸಿದರು. 1853ರಲ್ಲಿ ಪ್ಯಾರಿಸ್ಸಿಗೆ ತೆರಳಿ, ಸಂತ ವಿನ್ಸೆಂಟ್ ದೆ ಪಾವ್ಲರ ಪರೋಪಕಾರ ಸಹೋದರಿಯರ ಬಳಿ ಕಲಿಯತೊಡಗಿದರು. ಈ ಏರ್ಪಾಡಿಗೆ ನೆರವಾದವರು ಮುಂದೆ ಕಾರ್ಡಿನಲ್ ಪದವಿಗೇರಿದ ಮ್ಯಾನಿಂಗ್ ಅವರು. ಬಡವರ ಬೀದಿಗಳಲ್ಲಿ ನಡೆದು, ಅವರ ಮನೆಗಳಲ್ಲಿಯೇ ರೋಗಿಗಳನ್ನು ಉಪಚರಿಸುವ ಪದ್ಧತಿಯನ್ನು ಸಂತ ವಿನ್ಸೆಂಟರೂ ಸಂತ ಲೂಯಿಸ್ ದೆ ಮರಿಯಾಕರೂ 1633ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಆ ವೇಳೆಗೆ ಇನ್ನೂರು ವರ್ಷಗಳಿಗೂ ಮೀರಿ ಪಾಲಿಸಿಕೊಂಡು ಬಂದಿತ್ತು.

ಅದೇ ವರ್ಷ ಲಂಡನ್ನಿನ ಹಾರ್ಲಿ ಬೀದಿಯ ಒಂದು ಸಣ್ಣ ಚಿಕಿತ್ಸಾಲಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡಾಗ ಆಕೆ ಒಂದು ಷರತ್ತನ್ನು ಮುಂದಿಟ್ಟರು. ಕಥೋಲಿಕ ರೋಗಿಗಳನ್ನೂ ಇತರ ಧರ್ಮದವರನ್ನೂ ಸೇರಿಸಿಕೊಳ್ಳಬೇಕು. ಅವರವರ ಗುರುಗಳು ಬಂದು ನೋಡಲು ಅವಕಾಶವಿರಬೇಕು. ಅಂದಿನ ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಆಡಳಿತ ಸಮಿತಿ ಒಪ್ಪಬೇಕಾಯಿತು.

ಯುದ್ಧಭೂಮಿಯಲ್ಲಿ

1854ರಲ್ಲಿ ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗ ಯುದ್ಧಖಾತೆಯ ಮಂತ್ರಿಯಾಗಿದ್ದವರು ಅದೇ ಸಿಡ್ನಿ ಹರ್ಬರ್ಟರು. ಅವರ ಕೋರಿಕೆಯಂತೆ ನೈಟಿಂಗೇಲರು 38 ಮಂದಿ ಶುಶ್ರೂಷಕಿಯರೊಡನೆ ಹೊರಟು ನವೆಂಬರ್ 4ರಂದು ತುರ್ಕಿಯ ಸ್ಕುಟಾರಿಯನ್ನು ತಲಪಿದರು. ಆ 38 ಮಂದಿಯಲ್ಲಿ ಹತ್ತು ಮಂದಿ ಕಥೋಲಿಕ ಕನ್ಯಾಸ್ತ್ರೀಯರು. ಬರ್ಮಂಡ್ಸೆಯ ಕರುಣೆಯ ಸಹೋದರಿಯರ ಮಠದ ಮುಖ್ಯಸ್ಥೆ ಮದರ್ ಮೇರಿ ಕ್ಲೇರ್ ಮೂರ್ ಅವರು ಆಕೆಗೆ ಬಲಗೈಯಾಗಿ ನಿಂತರು. ಮೇಲ್ವಿಚಾರಣೆಯ ಸ್ಥಾನಕ್ಕೆ ತನಗಿಂತ ಆ ತಾಯಿಯೇ ಹೆಚ್ಚು ಯೋಗ್ಯರೆಂದು ನೈಟಿಂಗೇಲರು ಬರೆದು ಒಪ್ಪಿಕೊಂಡರು. 1874ರಲ್ಲಿ ಮದರ್ ಕ್ಲೇರ್ ನಿಧನರಾಗುವವರೆಗೂ ಆ ಸ್ನೇಹ ಮಾಸಲಿಲ್ಲ. ಸತ್ಯಕ್ಕಾಗಿ ಇನ್ನೊಂದನ್ನೂ ಹೇಳಬೇಕು. ಎರಡನೆಯ ತಂಡದಲ್ಲಿ ಬಂದ ಐರ್ಲೆಂಡಿನ ಕನ್ಯಾಸ್ತ್ರೀಯರ ಮುಖ್ಯಸ್ಥೆ ಮದರ್ ಬ್ರಿಜ್‌ಮನ್ನರಿಗೂ ನೈಟಿಂಗೇಲರಿಗೂ ಅಧಿಕಾರದ ಬಗ್ಗೆ ಕಹಿಯಾದ ವೈಮನಸ್ಯ ಬೆಳೆಯಿತು. ಸೇವೆಯ ಹಾದಿಯಲ್ಲಿಯೂ ಮಾನವ ಸ್ವಭಾವ ನಮ್ಮ ಜೊತೆಯಲ್ಲೇ ನಡೆಯುತ್ತದೆ.

ಸ್ಕುಟಾರಿಯ ಆಸ್ಪತ್ರೆಯಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ವಾಂತಿಭೇದಿ, ಆಮಶಂಕೆ, ವಿಷಮಜ್ವರಗಳಿಂದ ಸಾಯುತ್ತಿದ್ದರು. 1855ರ ಫೆಬ್ರವರಿಯಲ್ಲಿ ದಾಖಲಾದ ನೂರು ಮಂದಿಯಲ್ಲಿ 42 ಮಂದಿ ಸತ್ತರು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗದವರು ಕಟ್ಟಡದ ಕೆಳಗಿನ ಚರಂಡಿಗಳನ್ನು ತೆರೆಸಿ ಶುಚಿಗೊಳಿಸಿದರು, ನೀರು ಗಾಳಿಗಳ ವ್ಯವಸ್ಥೆಯನ್ನು ಸರಿಪಡಿಸಿದರು. ಜೂನ್ ವೇಳೆಗೆ ಸಾವು ನೂರಕ್ಕೆ ಎರಡಕ್ಕೆ ಇಳಿಯಿತು. ದೀಪ ಹಿಡಿದ ಮಹಿಳೆ ತಾಯ್ನಾಡಿಗೆ ತಂದ ಪಾಠ ಇದೇ. ಮರುಕದಿಂದ ಮಾತ್ರ ರೋಗಿ ಉಳಿಯನು. ಶುಚಿತ್ವ, ಶಿಸ್ತು, ತಿಳಿವಳಿಕೆ ಅದರೊಡನೆ ಬೇಕು.

1856ರ ಆಗಸ್ಟಿನಲ್ಲಿ ಮರಳಿದ ಆಕೆಯ ಆರೋಗ್ಯ ಯುದ್ಧಭೂಮಿಯಲ್ಲಿ ತಗಲಿದ ಜ್ವರದಿಂದ ಜರ್ಜರಿತವಾಗಿತ್ತು. ಅಲ್ಲಿಂದ ಮುಂದೆ ಬಹುಕಾಲ ಹಾಸಿಗೆಯೇ ಆಕೆಯ ಕಚೇರಿ. ಅಲ್ಲಿಂದಲೇ ಅಂಕಿ ಅಂಶಗಳ ಬೃಹತ್ ವರದಿಗಳು ಹೊರಬಂದವು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು. ಜನತೆ ಕೃತಜ್ಞತೆಯಿಂದ ಕೂಡಿಸಿದ್ದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸಂತ ತೋಮಾಸರ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಪ್ರಾರಂಭವಾಯಿತು.

ದಾದಿ ಮನೆಯೊಳಗೆ ಬಂದಳು

1859ರಲ್ಲಿ ಲಿವರ್‌ಪೂಲ್ ನಗರದ ವರ್ತಕ ವಿಲಿಯಂ ರಾತ್‌ಬೋನರ ಪತ್ನಿ ದೀರ್ಘಕಾಲ ಕಾಯಿಲೆಯಿಂದ ನರಳಿ ತೀರಿಕೊಂಡರು. ಆಕೆಯ ಕೊನೆಯ ದಿನಗಳಲ್ಲಿ ಮೇರಿ ರಾಬಿನ್ಸನ್ ಎಂಬ ದಾದಿ ಮನೆಯಲ್ಲಿದ್ದು ಆರೈಕೆ ಮಾಡಿದ್ದಳು. ಸಿರಿವಂತನಾದ ತನ್ನ ಮನೆಯಲ್ಲಿಯೇ ನುರಿತ ದಾದಿಯಿಂದ ಇಷ್ಟು ನೆಮ್ಮದಿ ದೊರಕಿದ್ದರೆ, ಏನೂ ಇಲ್ಲದ ಬಡವನ ಮನೆಯಲ್ಲಿ ರೋಗಿಯ ಪಾಡೇನು ಎಂಬ ಯೋಚನೆ ರಾತ್‌ಬೋನರನ್ನು ಬಿಡಲಿಲ್ಲ. ಅದೇ ದಾದಿಯನ್ನು ಮೂರು ತಿಂಗಳ ಮಟ್ಟಿಗೆ ಬಡವರ ಕೇರಿಗೆ ಕಳುಹಿಸಿದರು. ಒಂದೇ ತಿಂಗಳಲ್ಲಿ ಆಕೆ ಮರಳಿ ಬಂದು, ಅಲ್ಲಿನ ಸಂಕಟವನ್ನು ಕಣ್ಣಿನಿಂದ ನೋಡಲಾರೆ, ನನ್ನನ್ನು ಬಿಡುಗಡೆ ಮಾಡಿ ಎಂದು ಬೇಡಿಕೊಂಡಳು. ರಾತ್‌ಬೋನರು ಧೈರ್ಯ ಹೇಳಿ ಮರಳಿ ಕಳುಹಿಸಿದರು. ಮೂರು ತಿಂಗಳು ತುಂಬಿದಾಗ ಆ ಕೆಲಸವನ್ನು ಬಿಡಲೊಲ್ಲೆನೆಂದವಳು ಅವಳೇ. ಗುಣವಾಗಲಾರರೆಂದು ಕೈಬಿಟ್ಟವರು ಎದ್ದು ಓಡಾಡುವುದನ್ನು ಅವಳು ಕಂಡಿದ್ದಳು.

ಕೆಲಸವನ್ನು ವಿಸ್ತರಿಸಲು ರಾತ್‌ಬೋನರು ಹೊರಟಾಗ ಹಣವಿತ್ತು, ಆದರೆ ತರಬೇತಿ ಪಡೆದ ದಾದಿಯರೇ ಇರಲಿಲ್ಲ. 1861ರಲ್ಲಿ ಅವರು ನೈಟಿಂಗೇಲರಿಗೆ ಪತ್ರ ಬರೆದರು. ಆಕೆ ಕೊಟ್ಟ ಸಲಹೆ ನೇರವಾಗಿತ್ತು. ದಾದಿಯರನ್ನು ಹೊರಗೆ ಹುಡುಕಬೇಡಿ. ನಿಮ್ಮ ನಗರದ ಆಸ್ಪತ್ರೆಯಲ್ಲಿಯೇ ಅವರನ್ನು ತಯಾರು ಮಾಡಿ. ಅದರಂತೆ ಲಿವರ್‌ಪೂಲಿನ ರಾಯಲ್ ಇನ್‌ಫರ್ಮರಿಗೆ ಹೊಂದಿಕೊಂಡು ತರಬೇತಿ ಶಾಲೆ ಹುಟ್ಟಿತು. ನಗರವನ್ನು 18 ವಿಭಾಗಗಳನ್ನಾಗಿ ವಿಂಗಡಿಸಿ ಪ್ರತಿ ವಿಭಾಗಕ್ಕೂ ದಾದಿಯ ಸೇವೆ ಒದಗುವಂತೆ ಮಾಡಲಾಯಿತು. ಬಡವರ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುವ ನುರಿತ ದಾದಿಯರ ವ್ಯವಸ್ಥಿತ ಸೇವೆಗೆ ಇದೇ ನಾಂದಿ.

ಈ ಹಾದಿ ಹೂವಿನ ಹಾಸಿಗೆಯಾಗಿರಲಿಲ್ಲ. ಅದೇ ನಗರದ ನಿರ್ಗತಿಕರ ಆಸ್ಪತ್ರೆಗೆ 1865ರಲ್ಲಿ ನೈಟಿಂಗೇಲರ ಶಾಲೆಯಿಂದ ಹನ್ನೆರಡು ದಾದಿಯರೊಡನೆ ಹೋದ ಆಗ್ನೆಸ್ ಜೋನ್ಸ್ ಎಂಬ ಐರ್ಲೆಂಡಿನ ಯುವತಿ, ಮೂರೇ ವರ್ಷಗಳಲ್ಲಿ, 35ನೆಯ ವಯಸ್ಸಿನಲ್ಲಿ, ರೋಗಿಗಳಿಂದಲೇ ಅಂಟಿದ ಟೈಫಸ್ ಜ್ವರಕ್ಕೆ ಬಲಿಯಾದರು.

1874ರಲ್ಲಿ ಲಂಡನ್ನಿನಲ್ಲಿ ಬಡ ರೋಗಿಗಳಿಗಾಗಿ ಸಂಘವೊಂದು ಸ್ಥಾಪನೆಯಾದಾಗ ನೈಟಿಂಗೇಲರ ಶಿಷ್ಯೆ ಫ್ಲಾರೆನ್ಸ್ ಲೀಸ್ ಅದರ ಮುಖ್ಯಸ್ಥೆಯಾದರು. ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿದ ದಾದಿಗೆ ಮನೆಗಳಲ್ಲಿ ಕೆಲಸ ಮಾಡುವ ಬಗೆಯನ್ನು ಮತ್ತೆ ಪ್ರತ್ಯೇಕವಾಗಿ ಕಲಿಸಬೇಕೆಂಬುದು ಇಲ್ಲಿನ ನಿಯಮ. ಇದಕ್ಕೆ ಕಾರಣವನ್ನು ನೈಟಿಂಗೇಲರು 1876ರಲ್ಲಿ ಪತ್ರಿಕೆಗೆ ಬರೆದ ಲೇಖನದಲ್ಲಿಯೂ ಇತರ ಬರಹಗಳಲ್ಲಿಯೂ ವಿವರಿಸಿದರು. ಆಸ್ಪತ್ರೆಯಲ್ಲಿ ವೈದ್ಯರು ಕೂಗಳತೆಯಲ್ಲಿರುತ್ತಾರೆ. ಬಿಸಿನೀರು, ಶುಭ್ರ ಬಟ್ಟೆ, ಸಹಾಯಕರು ಎಲ್ಲವೂ ಇರುತ್ತವೆ. ಮನೆಯಲ್ಲಿ ದಾದಿ ಒಬ್ಬಂಟಿ. ಆದುದರಿಂದ ಮನೆಗೆ ಹೋಗುವ ದಾದಿ ಆಸ್ಪತ್ರೆಯ ದಾದಿಗಿಂತ ಕಡಿಮೆ ಕಲಿತವಳಾದರೆ ಸಾಲದು, ಹೆಚ್ಚು ಕಲಿತವಳಾಗಿರಬೇಕು. ಆಕೆ ರೋಗಿಯನ್ನು ಮಾತ್ರವಲ್ಲ, ರೋಗಿ ಮಲಗಿರುವ ಕೋಣೆಯನ್ನೂ ಉಪಚರಿಸಬೇಕು. ಗಾಳಿ ಬೆಳಕು ಬರುವಂತೆ ಮಾಡಿ, ಕಸ ತೆಗೆದು, ಅದನ್ನು ಹಾಗೆಯೇ ಉಳಿಸಿಕೊಳ್ಳಲು ಮನೆಯವರಿಗೆ ಕಲಿಸಬೇಕು. ಚರಂಡಿ ಕೆಟ್ಟಿದ್ದರೆ ಅಧಿಕಾರಿಗಳಿಗೆ ತಿಳಿಸಬೇಕು.

ಆಕೆಯ ಇನ್ನೊಂದು ನಿಯಮ ಅನೇಕರಿಗೆ ಕಠಿಣವೆನಿಸಿತು. ದಾದಿ ದಾನ ಹಂಚುವವಳಾಗಬಾರದು. ಹಣವನ್ನೋ ಬಟ್ಟೆಯನ್ನೋ ಕೈಯಲ್ಲಿ ಹಿಡಿದು ಹೋದರೆ ಜನ ಅದಕ್ಕಾಗಿ ಕಾಯುತ್ತಾರೆಯೇ ಹೊರತು ಆಕೆಯ ವಿದ್ಯೆಗಾಗಿ ಅಲ್ಲ. ಬಡವನಿಗೆ ಭಿಕ್ಷೆ ಹಾಕುವವರು ಬೇಕಾದಷ್ಟು ಮಂದಿ ಇರುವರು, ಆದರೆ ಸಿರಿವಂತನಿಗೆ ದೊರಕುವಂಥ ನುರಿತ ಆರೈಕೆಯನ್ನೇ ಅವನಿಗೂ ಕೊಡುವವರು ಇಲ್ಲವೆಂಬುದು ಆಕೆಯ ನಿಲುವು. ದಾನಧರ್ಮಗಳಲ್ಲಿ ನಿರತರಾದ ನಾವೂ ಆಲೋಚಿಸಬೇಕಾದ ಮಾತಿದು. 1887ರಲ್ಲಿ ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವಕ್ಕೆಂದು ಮಹಿಳೆಯರು ಕೂಡಿಸಿದ ಹಣದಲ್ಲಿ 70,000 ಪೌಂಡುಗಳನ್ನು ರಾಣಿ ಈ ಕಾರ್ಯಕ್ಕೇ ನೀಡಿದುದರಿಂದ ಈ ಸೇವೆ ದೇಶವ್ಯಾಪಿಯಾಯಿತು.

ಭಾರತದ ಹಳ್ಳಿಗಳ ಚಿಂತೆ

ನೈಟಿಂಗೇಲರು ಭಾರತವನ್ನು ಕಣ್ಣಾರೆ ಕಾಣಲಿಲ್ಲ. ಆದರೂ ನಮ್ಮ ದೇಶದ ಬಗ್ಗೆ ನಲವತ್ತು ವರ್ಷಗಳ ಕಾಲ ಬರೆದರು. 1859ರಲ್ಲಿ ಭಾರತದಲ್ಲಿದ್ದ ಸೈನ್ಯದ ಆರೋಗ್ಯವನ್ನು ಕುರಿತು ರಾಜಾಯೋಗವೊಂದು ನೇಮಕವಾದಾಗ, ಪ್ರತಿಯೊಂದು ದಂಡಿನಿಂದಲೂ ಬಂದ ವರದಿಗಳ ರಾಶಿಯನ್ನು ಹಾಸಿಗೆಯಲ್ಲಿದ್ದುಕೊಂಡೇ ಓದಿದರು. ಬೆಂಗಳೂರು ದಂಡಿನ ವರದಿಯಲ್ಲಿ, ಕುಡಿಯಲು ಬಳಸುತ್ತಿದ್ದ ಹಲಸೂರು ಕೆರೆಗೆ ಪೇಟೆಯ ಕೊಳಚೆ ಹರಿದುಬರುತ್ತಿದ್ದ ಸಂಗತಿಯೂ ಆಕೆಯ ಕಣ್ಣಿಗೆ ಬಿತ್ತು. ಆಗ ಇಲ್ಲಿನ ಆಂಗ್ಲ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ನೈರ್ಮಲ್ಯದ ಕ್ರಮಗಳ ಫಲವಾಗಿ ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತೆಂದು 1873ರಲ್ಲಿ ಆಕೆ ಲೆಕ್ಕ ಕೊಟ್ಟರು.

ಮೊದಲು ಸೈನಿಕರನ್ನು ಕುರಿತು ಯೋಚಿಸಿದ ಮನಸ್ಸು ಕ್ರಮೇಣ ರೈತನ ಕಡೆಗೆ ತಿರುಗಿತು. ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ನೆನೆಯುತ್ತಿದ್ದ 1876-78ರ ಭೀಕರ ಕ್ಷಾಮ ಮದರಾಸು ಪ್ರಾಂತವನ್ನೂ ನಮ್ಮ ಮೈಸೂರು ಸಂಸ್ಥಾನವನ್ನೂ ಹಾಳುಗೆಡವಿದಾಗ, ಆಕೆ ಬ್ರಿಟಿಷ್ ಸರ್ಕಾರದ ಹೊಣೆಗೇಡಿತನವನ್ನು ಬಹಿರಂಗವಾಗಿ ಖಂಡಿಸಿದರು. ಗೋದಾವರಿಗೆ ಅಣೆಕಟ್ಟು ಕಟ್ಟಿದ ಸರ್ ಆರ್ಥರ್ ಕಾಟನ್ನರೊಡನೆ ಸೇರಿ, ರೈತನಿಗೆ ಕಾಲುವೆಯ ನೀರು ದೊರಕಬೇಕೆಂದು ವಾದಿಸಿದರು. ಸಾಲದ ಹೊರೆ, ಹಸಿವು, ಕೆಟ್ಟ ನೀರು ಇವು ಮೂರೂ ಒಂದೇ ರೋಗದ ಬೇರುಗಳೆಂದು ಆಕೆ ಕಂಡುಕೊಂಡಿದ್ದರು.

ಹಳ್ಳಿಯ ಆರೋಗ್ಯ ಬೋಧಕಿಯರು

ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಆಕೆ ಕೈಗೊಂಡ ಪ್ರಯೋಗವೊಂದು ಇಂದಿಗೂ ನಮಗೆ ಮಾದರಿ. 1892ರಲ್ಲಿ ಬಕಿಂಗ್‌ಹ್ಯಾಂಶೈರ್ ಜಿಲ್ಲೆಯಲ್ಲಿ, ಹಳ್ಳಿಯ ತಾಯಂದಿರಿಗೆ ಆರೋಗ್ಯವನ್ನು ಕಲಿಸುವ ಮಹಿಳೆಯರನ್ನು ತಯಾರು ಮಾಡುವ ಯೋಜನೆಯನ್ನು ಜಿಲ್ಲೆಯವರ ನೆರವಿನಿಂದ ರೂಪಿಸಿದರು. ವೈದ್ಯರೊಬ್ಬರಿಂದ ಪಾಠ ಕೇಳಿದ ಮೇಲೆ ಈ ಬೋಧಕಿಯರು ಅವರೊಡನೆ ಹಳ್ಳಿಯ ಮನೆಗಳಿಗೆ ಹೋಗಿ ಅನುಭವ ಪಡೆಯಬೇಕಿತ್ತು. ಕೂಡಿಸಿ ಉಪನ್ಯಾಸ ಮಾಡಿದರೆ ಹಳ್ಳಿಯ ತಾಯಿ ಕಲಿಯಳು; ಅವಳ ಮನೆಯ ಅಡಿಗೆಯ ಕೋಣೆಯಲ್ಲಿ, ಅವಳ ಮಗುವಿನ ತೊಟ್ಟಿಲ ಬಳಿ ಕುಳಿತು, ಗೆಳತಿಯಂತೆ ತೋರಿಸಿಕೊಟ್ಟರೆ ಮಾತ್ರ ಕಲಿಯುವಳೆಂಬುದು ಆಕೆಯ ನಂಬಿಕೆ. ರೋಗ ಬಂದ ಮೇಲಿನ ಶುಶ್ರೂಷೆ ಒಂದು ವಿದ್ಯೆಯಾದರೆ, ರೋಗ ಬಾರದಂತೆ ಕಾಯುವುದು ಇನ್ನೊಂದು ವಿದ್ಯೆ. ಎರಡಕ್ಕೂ ತರಬೇತಿ ಬೇಕೆಂದು ಆಕೆ ಬರೆದರು.

ಒಂದು ವಿವಾದ

ಮಹಾತ್ಮರ ಚರಿತ್ರೆಯಲ್ಲಿ ಅವರ ಸೋಲುಗಳನ್ನು ಮುಚ್ಚಿಡುವುದು ಸರಿಯಲ್ಲ. 1887ರಿಂದ ಕೆಲವು ದಾದಿಯರು, ತರಬೇತಿ ಪಡೆದವರ ಹೆಸರುಗಳನ್ನು ಪರೀಕ್ಷೆಯ ಆಧಾರದ ಮೇಲೆ ಪಟ್ಟಿಯಲ್ಲಿ ನೋಂದಾಯಿಸಬೇಕೆಂದು ಚಳವಳಿ ಹೂಡಿದರು. ನೈಟಿಂಗೇಲರು ಅದನ್ನು ಬಲವಾಗಿ ವಿರೋಧಿಸಿದರು. ಪುಸ್ತಕದ ಪರೀಕ್ಷೆಯಿಂದ ದಾದಿಯ ಗುಣನಡತೆಯನ್ನು ಅಳೆಯಲಾಗದು, ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಉತ್ತಮಳೂ ಸೋಮಾರಿಯೂ ಸಮಾನರಾಗಿಬಿಡುವರು ಎಂಬುದು ಆಕೆಯ ಭಯ. ಕಾಲ ಆಕೆಯ ಮಾತನ್ನು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ 1919ರಲ್ಲಿ ನೋಂದಣಿಯ ಕಾನೂನು ಬಂದಿತು. ನಮ್ಮಲ್ಲಿ ಮದರಾಸು ಪ್ರಾಂತದಲ್ಲಿ 1926ರಲ್ಲಿ, ಇಡೀ ದೇಶದ ಶುಶ್ರೂಷಾ ಪರಿಷತ್ತಿಗಾಗಿ 1947ರಲ್ಲಿ, ನಮ್ಮ ರಾಜ್ಯದಲ್ಲಿ 1961ರಲ್ಲಿ ಕಾನೂನುಗಳು ರಚಿತವಾದವು. ಕಲಿಯದವರ ಕೈಯಿಂದ ರೋಗಿಯನ್ನು ಕಾಪಾಡಲು ನೋಂದಣಿ ಅವಶ್ಯಕವೇ ಸರಿ. ಆದರೆ ಪ್ರಮಾಣಪತ್ರ ಪಡೆದಲ್ಲಿಗೆ ಕಲಿಕೆ ಮುಗಿಯಿತೆಂದು ಬಗೆಯಬಾರದೆಂಬ ಆಕೆಯ ಎಚ್ಚರಿಕೆಗೆ ಇಂದಿಗೂ ಬೆಲೆಯಿದೆ.

ಕೊನೆಯ ದಿನಗಳು

ಬಾಳಿನ ಕೊನೆಯ ಹದಿನಾಲ್ಕು ವರ್ಷಗಳನ್ನು ಆಕೆ ಲಂಡನ್ನಿನ ತಮ್ಮ ಕೋಣೆಯಲ್ಲಿಯೇ ಕಳೆದರು. ಕಣ್ಣು ಮಂಜಾಯಿತು, ನೆನಪು ಕುಂದಿತು. 1907ರಲ್ಲಿ ರಾಜನು ಆರ್ಡರ್ ಆಫ್ ಮೆರಿಟ್ ಗೌರವವನ್ನು ಕಳುಹಿಸಿದನು. ಅದನ್ನು ಪಡೆದ ಮೊದಲ ಮಹಿಳೆ ಆಕೆಯೇ. ಸಾವಿರಾರು ರೋಗಿಗಳಿಗೆ ಮನೆಯಲ್ಲಿ ಆರೈಕೆ ದೊರಕಿಸಿಕೊಟ್ಟ ಆಕೆ, 1910ರ ಆಗಸ್ಟ್ 13ರಂದು ತಮ್ಮ ಮನೆಯ ಹಾಸಿಗೆಯಲ್ಲಿಯೇ ಶಾಂತವಾಗಿ ಕಣ್ಣು ಮುಚ್ಚಿದರು. ರಾಜರೂ ಮಹಾಕವಿಗಳೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿಯ ಗೌರವ ನೀಡಲು ಮುಂದಾದರೂ ಬಂಧುಗಳು ಒಪ್ಪಲಿಲ್ಲ. ಸ್ವಂತ ಊರಿನ ಬಳಿಯ ಪುಟ್ಟ ಚರ್ಚಿನ ಅಂಗಳದಲ್ಲಿ, ತಂದೆತಾಯಿಗಳ ಪಕ್ಕದಲ್ಲಿ ಮಣ್ಣಾದರು. ಕಲ್ಲಿನ ಮೇಲೆ ಪೂರ್ಣ ಹೆಸರೂ ಇಲ್ಲ. ಹೆಸರಿನ ಮೊದಲಕ್ಷರಗಳು, ಹುಟ್ಟಿದ ಮತ್ತು ಮಡಿದ ದಿನಾಂಕಗಳು ಅಷ್ಟೇ. ಆಕೆಯ ಜನ್ಮದಿನವಾದ ಮೇ 12ನ್ನು ಜಗತ್ತು ದಾದಿಯರ ದಿನವನ್ನಾಗಿ ಆಚರಿಸುತ್ತಿದೆ.

ನಮ್ಮ ಪಾಲಿನ ಪ್ರಶ್ನೆ

ಆಕೆ ಹೊತ್ತಿಸಿದ ದೀಪ ನಮ್ಮ ಹಳ್ಳಿಗಳ ಬಳಿಗೂ ಬಂದಿದೆ. 1946ರ ಭೋರ್ ಸಮಿತಿಯ ವರದಿ ಗ್ರಾಮಾಂತರ ಆರೋಗ್ಯಕ್ಕೆ ಹೊಸ ದಾರಿ ತೋರಿತು. ಸ್ವಾತಂತ್ರ್ಯಾನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಉಪಕೇಂದ್ರಗಳೂ ಹುಟ್ಟಿದವು. ಬಯಲುಸೀಮೆಯಲ್ಲಿ ಐದು ಸಾವಿರ, ಗುಡ್ಡಗಾಡು ಮತ್ತು ಗಿರಿಜನ ಪ್ರದೇಶಗಳಲ್ಲಿ ಮೂರು ಸಾವಿರ ಜನರಿಗೆ ಒಂದು ಉಪಕೇಂದ್ರವೆಂದು ನಿಯಮವಾಯಿತು. 2018ರಲ್ಲಿ ದೇಶದಾದ್ಯಂತ ಒಂದೂವರೆ ಲಕ್ಷ ಆರೋಗ್ಯ ಕ್ಷೇಮ ಕೇಂದ್ರಗಳ ಯೋಜನೆ ಪ್ರಕಟವಾದ ಮೇಲೆ, ನೋಂದಾಯಿತ ದಾದಿಯರಿಗೆ ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ವಿಶೇಷ ತರಬೇತಿ ನೀಡಿ, ಸಮುದಾಯ ಆರೋಗ್ಯಾಧಿಕಾರಿಗಳೆಂದು ಉಪಕೇಂದ್ರಗಳಿಗೆ ಕಳುಹಿಸುವ ಏರ್ಪಾಡಾಯಿತು. ಆಸ್ಪತ್ರೆಯಲ್ಲಿ ಕಲಿತವಳಿಗೆ ಹಳ್ಳಿಯ ಕೆಲಸವನ್ನು ಮತ್ತೆ ಬೇರೆಯಾಗಿಯೇ ಕಲಿಸಬೇಕೆಂಬ ಆ ಹಳೆಯ ನಿಯಮವೇ ಇಲ್ಲಿ ಮರುಹುಟ್ಟು ಪಡೆದಿದೆ.

ಆದರೆ ಏರ್ಪಾಡು ಆದರೆ ಸಾಲದು, ಹೋಗುವವರು ಬೇಕು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ತಾಲ್ಲೂಕುಗಳ ಹಳ್ಳಿಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ, ಪಾರ್ಶ್ವವಾಯು ಬಡಿದು ಮಲಗಿದ ಅಜ್ಜ, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದ ಅಜ್ಜಿ, ಮೊದಲ ಹೆರಿಗೆಗೆ ಅಂಜುವ ಸೊಸೆ ಇಂದಿಗೂ ಇದ್ದಾರೆ. ಪಟ್ಟಣದ ದೊಡ್ಡ ಆಸ್ಪತ್ರೆಗಳೂ ಹೊರದೇಶಗಳೂ ನಮ್ಮ ಹೆಣ್ಣುಮಕ್ಕಳನ್ನು ಕೈಬೀಸಿ ಕರೆಯುತ್ತಿವೆ. ಹಾಗೆ ಹೋಗುವವರನ್ನು ಹಳಿಯುವುದು ನ್ಯಾಯವಲ್ಲ. ಸಾಲ ಮಾಡಿ ಓದಿಸಿದ ಹೆತ್ತವರ ಭಾರವನ್ನು ಇಳಿಸುವುದೂ ಧರ್ಮವೇ. ಆದರೂ ಮನೆಗೊಬ್ಬರಲ್ಲದಿದ್ದರೆ ಊರಿಗೊಬ್ಬರಾದರೂ, ಸ್ವಲ್ಪ ಕಾಲವಾದರೂ, ನಮ್ಮ ಹಳ್ಳಿಯ ಬಾಗಿಲುಗಳನ್ನು ತಟ್ಟುವ ಕೆಲಸವನ್ನು ಆರಿಸಿಕೊಳ್ಳಬಾರದೇ? ಹಾಗೆ ಆರಿಸಿಕೊಂಡ ಮಗಳನ್ನು, ದೊಡ್ಡ ಸಂಬಳ ಬಿಟ್ಟಳೆಂದು ಮೂದಲಿಸದೆ, ಅಭಿಮಾನದಿಂದ ಕಳುಹಿಸಿಕೊಡುವ ತಂದೆತಾಯಿಗಳು ನಾವಾಗಬಾರದೇ?

ನೈಟಿಂಗೇಲರ ಹೆತ್ತವರು ಮಗಳ ದಾರಿಗೆ ವರ್ಷಗಟ್ಟಲೆ ಅಡ್ಡ ನಿಂತರು. ಮೇರಿ ರಾಬಿನ್ಸನ್ ಒಂದು ತಿಂಗಳಿಗೆ ಧೈರ್ಯಗೆಟ್ಟು ಮರಳಿದಳು. ಆದರೂ ಇಬ್ಬರೂ ಮತ್ತೆ ಆ ದಾರಿಯನ್ನೇ ಹಿಡಿದರು. ಬಡವನ ಮನೆಯ ಕತ್ತಲೆಗೆ ಬೆಳಕು ಬಂದಿತು. ಆ ಬೆಳಕು ನಮ್ಮ ಊರುಗಳಲ್ಲಿ ಆರದಿರಲಿ.